ಜೀಪಿನ ಎಡಗಡೆಯ ಸದ್ದು

ಅಕ್ಟೋಬರ್ 9, 1973. ಮಂಗಳವಾರ. ಸಂಜೆ

ಗುಂಡಗುರ್ತಿ ಕ್ಲಿನಿಕ್ ಮುಗಿಸಿ ಚಿತ್ತಾಪುರಕ್ಕೆ ಬಂದಾಗ ಐದೂವರೆ. ಬಸುರಿಯರು ಹದಿನಾಲ್ಕು ಮಂದಿ. ಕೂಸುಗಳಿಗೆ ಸೂಜಿ ಒಂಬತ್ತು. ಒಬ್ಬ ಅಜ್ಜ ಹಲ್ಲುನೋವು ಅಂತ ಬಸುರಿಯರ ಸಾಲಿನಲ್ಲೇ ನಿಂತಿದ್ದ. ಲವಂಗ ಕೊಟ್ಟು ಕಳಿಸಿದೆ.

ಚಂದಮ್ಮನ ಕೂಸಿನ ತಲೆ ಇನ್ನೂ ಮೇಲೆಯೇ ಇದೆ. ಏಳು ತಿಂಗಳು ತುಂಬಿದೆ. ಎದೆಬಡಿತ ಹೊಕ್ಕುಳದ ಮೇಲೆ ಸಿಗುತ್ತದೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಿಂತ ಮೊದಲ ಗರ್ಭ. ಗಂಡ ಸಾಯಬಣ್ಣ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ, ಯಾಕೆಂದು ಅವನಿಗೂ ಗೊತ್ತಿಲ್ಲ.

“ಎಲ್ಲಾ ಬರೋಬ್ಬರಿ ಅದ ಏನ್ರಿ ಸಿಸ್ಟರಮ್ಮಾ?”

ಇದ್ದದ್ದನ್ನೇ ಹೇಳಿದೆ. ಕೂಸು ತಿರುಗಲು ಇನ್ನೂ ಹೊತ್ತಿದೆ. ತಿರುಗದಿದ್ದರೆ ಮನೆಯಲ್ಲಿ ಹೆರಿಗೆ ಬೇಡ. ನೋವು ಬಂದ ಕೂಡಲೇ ಗುಲಬರ್ಗಾ ದೊಡ್ಡಾಸ್ಪತ್ರೆ. ನಮ್ಮ ಜೀಪಿನಲ್ಲೇ ಒಯ್ಯುತ್ತೇವೆ. ಜೀಪು ಅಂದದ್ದೇ ತಡ, ಅವನ ಮುಖ ಅರಳಿತು.

ಆ ಜೀಪಿನದೇ ಚಿಂತೆ. ಹಿಂದೆ ಎಲ್ಲೋ ಕಟಕ್... ಕಟಕ್... ಗುಂಡಿಗೆ ಇಳಿದಾಗ ಒಮ್ಮೆ, ಹತ್ತುವಾಗ ಒಮ್ಮೆ. ಹದಿನೈದು ದಿನದಿಂದ ಕೇಳುತ್ತಿದ್ದೇನೆ. ಹಿಂದಿನ ಸೀಟಿನಲ್ಲಿ ನನ್ನ ಎದುರಿಗೆ ಕೂರುವ ಆಯಾ ಜಾನಬಿಗೂ ಕೇಳುತ್ತದೆ. ಮುಂದೆ ಕೂರುವ ಡಾಕ್ಟರ್ ಸಾಹೇಬರಿಗೂ. ಡ್ರೈವರ್ ಅಮೀರ್ ಅಲಿ ಚಾಚಾ ಒಬ್ಬರಿಗೆ ಮಾತ್ರ ಕೇಳುವುದಿಲ್ಲ.

“ಯಾ ಆವಾಜ್ ರೀ? ನನ್ನ ಗಾಡಿ ಹೂವಿನಂಗ ಹೊಂಟದ.”

ಹೂವಂತೆ!

ಅಕ್ಟೋಬರ್ 12. ಶುಕ್ರವಾರ

ಡಾಕ್ಟರ್ ಸಾಹೇಬರು ಲಾಗ್ ಪುಸ್ತಕದಲ್ಲಿ ಬರೆದೇಬಿಟ್ಟರು: ‘ಹಿಂಭಾಗದಲ್ಲಿ ಸದ್ದು. ಕಾರಣ ತಿಳಿದಿಲ್ಲ. ಪ್ರಯಾಣಕ್ಕೆ ಭರವಸೆಯಿಲ್ಲ.’ ಜಿಲ್ಲೆಯಿಂದ ಬರುವ ಉತ್ತರ ಏನೆಂದು ಅವರಿಗೂ ಗೊತ್ತು. ನವೆಂಬರ್ ಕೊನೆಗೆ ತಪಾಸಣೆ. ಆಗಲೂ ಸದ್ದಿದ್ದರೆ ಜೀಪು ಕಂಡಮ್ಡ್, ಗುಜರಿಗೆ. ಹನ್ನೆರಡು ವರ್ಷದ ಗಾಡಿ. ಹೊಸದು ಬರಲು ಎರಡು ವರ್ಷವಾದರೂ ಬೇಕು.

“ನಾನೇನು ಮಾಡ್ಲಿ ಸಿಸ್ಟರ್? ಗಾಡಿ ದಾರೀಲಿ ಮುರಿದು ಬಿದ್ರೆ ನಾನೇ ತಾನೆ ಉತ್ತರ ಕೊಡ್ಬೇಕು?” ಎಂದರು. ಅವರು ತುಮಕೂರಿನ ಕಡೆಯವರು, ವಯಸ್ಸು ಮೂವತ್ತೂ ಆಗಿಲ್ಲ. ತಪ್ಪು ಹೇಳುವಂತಿಲ್ಲ.

ಜೀಪಿಲ್ಲದಿದ್ದರೆ ಗುಂಡಗುರ್ತಿಗೆ ವಾರಕ್ಕೊಮ್ಮೆ ಹೋಗುವುದು ನಿಂತಿತು. ಮತ್ತೆ ಚಂದಮ್ಮ? ಅವಳಿಗೆ ದಿನ ತುಂಬುವುದು ಡಿಸೆಂಬರ್ ಮೊದಲ ವಾರ.

ಅಕ್ಟೋಬರ್ 16. ಮಂಗಳವಾರ

ಇವತ್ತು ತಿಳಿಯಿತು. ಬರುವಾಗ ಹಿಂದಿನಿಂದ “ಚಾಚಾ, ನಿಲ್ಲಿಸ್ರಿ, ಔಷಧಿ ಪೆಟ್ಟಿಗಿ ಬಿತ್ತು” ಎಂದು ಮೂರು ಸಲ ಕೂಗಿದೆ. ಗಾಡಿ ನಿಲ್ಲಲಿಲ್ಲ. ಜಾನಬಿ ಎದ್ದು ಅವರ ಹೆಗಲು ತಟ್ಟಿದ ಮೇಲೆ ಬ್ರೇಕ್ ಹಾಕಿದರು.

ಅವರಿಗೆ ಜೀಪಿನ ಸದ್ದು ಕೇಳದಿರುವುದು ಹಟದಿಂದಲ್ಲ. ಕಿವಿಯೇ ಕೇಳುತ್ತಿಲ್ಲ.

ಆಮೇಲೆ ಬೇವಿನ ಮರದ ಕೆಳಗೆ ಅವರನ್ನು ಒಬ್ಬರನ್ನೇ ಕರೆದು ಕೇಳಿದೆ. ಮೊದಲು ಸಿಟ್ಟು. ಆಮೇಲೆ ತಲೆ ತಗ್ಗಿಸಿದರು.

“ಯಾರಿಗೂ ಹೇಳಬ್ಯಾಡ್ರಿ ಬೇಟಿ. ಕಿವುಡ ಡ್ರೈವರ್ ಅಂದ್ರ ನೌಕರಿ ಎಲ್ಲಿ ಉಳೀತದ? ಮೂರು ವರ್ಷ ಅದ ನಂದು ರಿಟೈರ್ ಆಗ್ಲಿಕ್ಕೆ.”

“ಡಾಕ್ಟರಿಗಾದ್ರೂ ತೋರಸ್ರಿ.”

“ರೋಜಾದ ಉಪಾಸ ನಡದದ. ಕಿವ್ಯಾಗ ನೀರು-ಎಣ್ಣಿ ಹಾಕಿಸ್ಕೊಳ್ಳಂಗಿಲ್ಲ. ಈದ್ ಆಗ್ಲಿ.”

ಈದ್ ತನಕ ಕಾಯುತ್ತೇನೆ ಎಂದೆ. ಆದರೆ ಒಂದು ಷರತ್ತು: ಅಲ್ಲಿಯವರೆಗೆ ಗಾಡಿ ನಿಧಾನ, ಮುಂದಿನ ಸೀಟಿನಲ್ಲಿ ಅವರ ಪಕ್ಕಕ್ಕೆ ನಾನು, ಹಿಂದಿನಿಂದ ಹಾರ್ನ್ ಕೇಳಿದರೆ ತೊಡೆ ತಟ್ಟುವವಳು ನಾನು. ಒಪ್ಪಿದರು. ಡಾಕ್ಟರ್ ಸಾಹೇಬರಿಗೆ ತಾವು ಹಿಂದೆ ಯಾಕೆ ಕೂರಬೇಕೆಂದು ಅರ್ಥವಾಗಲಿಲ್ಲ... ಮುಂದೆ ಬಿಸಿಲು ಹೊಡೆಯುತ್ತದೆ ಸರ್ ಎಂದೆ.

ಅಕ್ಟೋಬರ್ 31. ಬುಧವಾರ

ಈದ್ ಕಳೆದು ಮೂರು ದಿನ. ಅಮೀರ್ ಅಲಿಯವರ ಮನೆಯಿಂದ ಬಂದ ಶೀರ್‌ಖುರ್ಮಾ ಪಾಯಸದ ಲೋಟ ಇನ್ನೂ ತಿರುಗಿ ಕೊಟ್ಟಿಲ್ಲ. ನನ್ನ ದೀಪಾವಳಿಯ ಕರಿಗಡಬು ಅವರ ಮನೆಗೆ ಹೋಗಿ ಖಾಲಿಯೂ ಆಗಿದೆ.

ಬೆಳಿಗ್ಗೆ ಒ.ಪಿ. ಮುಗಿದ ಮೇಲೆ ಚಾಚಾ ತಾವಾಗಿಯೇ ಡಾಕ್ಟರ ಮುಂದೆ ಬಂದು ಕೂತರು. ಡಾಕ್ಟರ್ ಸಾಹೇಬರು ಟಾರ್ಚ್ ಹಾಕಿ ನೋಡಿದರು. ಬಲಗಿವಿ ನೋಡಿದರು, ಎಡಗಿವಿ ನೋಡಿದರು. ನಕ್ಕುಬಿಟ್ಟರು.

“ಕಿವಿ ಚೆನ್ನಾಗೇ ಇದೆ ಕಣ್ರೀ. ಒಳಗಡೆ ಗುಗ್ಗೆಯ ಗೋಡೆ ಕಟ್ಟಿದ್ದೀರಿ, ಅಷ್ಟೆ.”

ಎರಡು ದಿನ ಎಣ್ಣೆ ಹಾಕಿ ಬರಬೇಕಂತೆ. ಶುಕ್ರವಾರ ತೊಳೆಯುತ್ತಾರಂತೆ. ಚಾಚಾ ಹೊರಗೆ ಬಂದು ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಕೂತರು. ಮುಖದಲ್ಲಿ ನಗು ಬರುತ್ತಿತ್ತು, ಹೋಗುತ್ತಿತ್ತು.

ನವೆಂಬರ್ 2. ಶುಕ್ರವಾರ

ನಿನ್ನೆಯಿಂದ ನಾವು ಕರ್ನಾಟಕ. ಪೇಂಟರ್ ಬಂದು ಜೀಪಿನ ಬಾಗಿಲ ಮೇಲಿನ ‘ಮೈಸೂರು’ ಅಳಿಸಿದ. ಹೊಸ ಹೆಸರಿಗೆ ಬಿಳಿ ಬಣ್ಣ ಸಾಲಲಿಲ್ಲ, ‘ಕರ್ನಾ’ ತನಕ ಬರೆದು ಹೋಗಿದ್ದಾನೆ.

ಕಿವಿ ತೊಳೆದದ್ದು ಹನ್ನೊಂದಕ್ಕೆ. ನಾನು ಬೋಗುಣಿ ಹಿಡಿದಿದ್ದೆ. ಬಿಸಿನೀರು, ಪಿಚಕಾರಿ. ಎರಡನೇ ಸಲಕ್ಕೆ ಹುಣಸೆಬೀಜದಷ್ಟು ಒಂದು ತುಂಡು ಬಿತ್ತು. ಆ ಕಡೆಯಿಂದ ಇನ್ನೊಂದು. ಚಾಚಾ ತಲೆ ಎತ್ತಿದರು. ಸುತ್ತ ನೋಡಿದರು. ಗೋಡೆಯ ಗಡಿಯಾರ ನೋಡಿದರು.

ಜಾನಬಿ ಬಾಗಿಲಲ್ಲಿ ನಿಂತು, “ಕೇಳಸ್ತದೇನ್ರೀ?” ಎಂದು ಒದರಿದಳು.

“ಯಾಕ ಹಂಗ ಒದರ್ತೀ? ಮೆತ್ತಗ ಮಾತಾಡ್ಲಿಕ್ಕ ಬರಂಗಿಲ್ಲ ನಿನಗ?”

“ಎರಡು ವರ್ಷದಿಂದ ನಿಮ್ಮ ಸಲುವಾಗಿ ಒದರಿ ಒದರಿ ನನ್ನ ಗಂಟಲಾ ಹರದದ! ಈಗ ಮೆತ್ತಗ ಅಂತ!”

ಎಲ್ಲರೂ ನಕ್ಕೆವು. ಆಮೇಲೆ ಚಾಚಾ ಜೀಪು ಸ್ಟಾರ್ಟ್ ಮಾಡಿದರು. ನಾನೂ ಜಾನಬಿಯೂ ಹಿಂದೆ ಹತ್ತಿದೆವು. ಗೇಟು ದಾಟಿ ಮೊದಲ ಗುಂಡಿ — ಕಟಕ್. ಎರಡನೆಯದು — ಕಟಕ್. ಗಾಡಿ ನಿಲ್ಲಿಸಿ, ಇಳಿದು, ಬಾನೆಟ್ ಮೇಲೆ ಎರಡೂ ಕೈ ಇಟ್ಟರು. ಮಗನಿಗೆ ಜ್ವರವೆಂದು ತಡವಾಗಿ ಗೊತ್ತಾದ ತಂದೆಯ ಹಾಗೆ.

“ಯಾ ಅಲ್ಲಾ... ಇಷ್ಟು ಒದ್ದಾಡ್ಲಿಕತ್ತದ, ನಾ ಹೂವು ಅನ್ಲಿಕತ್ತಿದ್ದೆ.”

ನವೆಂಬರ್ 3. ಶನಿವಾರ

ಚಾಚಾ ಬೆಳಗಿನಿಂದ ಜೀಪಿನ ಕೆಳಗೆ. ಸ್ಟೆಪ್ನಿ ಬಿಚ್ಚಿ ಕೆಳಗಿಟ್ಟು, ಜಾನಬಿಯನ್ನು ಹಿಂದೆ ಕೂರಿಸಿಕೊಂಡು ಓಡಿಸಿದರು. ಸದ್ದು ಇದೆ. ಟೂಲ್ ಪೆಟ್ಟಿಗೆ ತೆಗೆದರು. ಇದೆ. ಹಿಂದಿನ ಬಾಗಿಲಿಗೆ ಸೈಕಲ್ ಟ್ಯೂಬ್ ಸುತ್ತಿದರು. ಇದೆ. ಮಧ್ಯಾಹ್ನ ಊಟಕ್ಕೂ ಹೋಗಲಿಲ್ಲ. ಮನೆಯಿಂದ ಹೆಂಡತಿ ಅಖ್ತರ ಬೇಗಂ ಬುತ್ತಿ ತಂದು, ಕಾಣುವ ಎರಡು ಪಾದಗಳ ಹತ್ತಿರ ಇಟ್ಟು, “ಉಣ್ಣೋದಿದ್ರ ಹೊರಗ ಬರ್ರಿ, ಇಲ್ಲಂದ್ರ ನಾಯಿಗೆ ಹಾಕ್ತೀನಿ” ಎಂದರು. ಬಂದರು.

ನವೆಂಬರ್ 5. ಸೋಮವಾರ

ಶಹಾಬಾದಿಗೆ ಬಂದೇಅಲಿ ಮಿಸ್ತ್ರಿಯ ಹತ್ತಿರ. ಔಷಧಿ ತರುವ ಕೆಲಸವಿತ್ತು, ನಾನೂ ಹೋದೆ. ಬಂದೇಅಲಿ ಈ ಸೀಮೆಯ ಲಾರಿಗಳ ವೈದ್ಯ. ಮೈಮೇಲೆ ಗ್ರೀಸು, ಬಾಯಲ್ಲಿ ಎಲೆಅಡಿಕೆ, ಮಾತು ಕಡಿಮೆ. ಜೀಪು ತಾನೇ ಹತ್ತಿ ಕಾಗಿಣಾ ಸೇತುವೆಯ ತನಕ ಹೋಗಿ ಬಂದ.

“ಏನೂ ಇಲ್ಲ.”

“ಹೆಂಗ ಇಲ್ಲ?” ಚಾಚಾ ಸಿಡಿದರು. “ನನ್ನ ಕಿವೀಲೇ ಕೇಳೀನಿ!”

“ಅಮೀರ್‌ಭಾಯಿ, ನಿಮ್ಮ ಕಿವೀದು ಊರಿಗೆಲ್ಲಾ ಗೊತ್ತದ.”

ಚಾಚಾರ ಮುಖ ಕೆಂಪಗಾಯಿತು. ಯಾರಿಗೂ ಹೇಳಬೇಡಿ ಎಂದಿದ್ದರು, ಪಾಪ. ಶಹಾಬಾದಿನವರಿಗೂ ಗೊತ್ತಿದೆ!

ಆದರೂ ಬಂದೇಅಲಿ ಹಿಂದಿನ ಎರಡೂ ಶಾಕ್ ಅಬ್ಸಾರ್ಬರಿನ ರಬ್ಬರ್ ಬುಶ್ ಬದಲಿಸಿದ. ಹಿಂದಿನ ಕಮಾನ್ ಪಾಟಾಗಳಿಗೆ — ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಬಾಗುಪಟ್ಟಿಗಳವು, ಗಾಡಿಯ ಭಾರವೆಲ್ಲ ಅವುಗಳ ಮೇಲೆ — ನಡುನಡುವೆ ಗ್ರೀಸು ತುಂಬಿದ. ಬರುವಾಗ ನಾವಿಬ್ಬರೇ. ಸದ್ದಿಲ್ಲ. ವಾಡಿ ಕ್ರಾಸ್ ತನಕ ಚಾಚಾ ಹಾಡು ಗುನುಗಿದರು. ಸಣ್ಣ ದನಿ, ಒಳ್ಳೆಯ ದನಿ. ಇಷ್ಟು ವರ್ಷ ಹಾಡೇ ಕೇಳಿರಲಿಲ್ಲ ನಾನು.

ನವೆಂಬರ್ 6. ಮಂಗಳವಾರ

ಸದ್ದು ಇದೆ. ಗುಂಡಗುರ್ತಿಗೆ ಹೋಗುವ ದಾರಿಯುದ್ದಕ್ಕೂ.

ಬರುವಾಗಲೂ. ಇಳಿಯುವ ಹೊತ್ತಿಗೆ ಜಾನಬಿ ಒಂದು ಮಾತು ಹೇಳಿದಳು, ನಗುತ್ತಲೇ:

“ನೀವು ಇಬ್ಬರೇ ಹೋದ್ರ ಆವಾಜ್ ಇಲ್ಲ. ನಾ ಕುಂತ್ರ ಅದ. ನನ್ನ ಮ್ಯಾಲ ಸಿಟ್ಟೇನು ಈ ಗಾಡಿಗೆ?”

ಅವಳು ದಪ್ಪ. ಕೂರುವುದು ಯಾವಾಗಲೂ ಹಿಂದೆ ಎಡಗಡೆ.

ಬಂದೇಅಲಿ ಓಡಿಸಿ ನೋಡಿದ್ದು ಖಾಲಿ ಗಾಡಿ!

ನಾಳೆ ಚಾಚಾರಿಗೆ ಹೇಳಬೇಕು. ಇಲ್ಲ, ಈಗಲೇ ಹೇಳಿಬರುತ್ತೇನೆ.

ನವೆಂಬರ್ 13. ಮಂಗಳವಾರ. ರಾತ್ರಿ ಒಂಬತ್ತು

ಇಂಥ ದಿನ ಇಷ್ಟು ವರ್ಷದ ನೌಕರಿಯಲ್ಲಿ ಬಂದಿಲ್ಲ. ಪೂರ್ತಿ ಬರೆದೇ ಮಲಗುತ್ತೇನೆ.

ವಾರವಿಡೀ ಚಾಚಾ ಭಾರ ಹೇರಿ ನೋಡಿದ್ದರು. ಎಡಗಡೆ ಭಾರ ಬಿದ್ದರೆ ಸದ್ದು, ಬಲಗಡೆಗೆ ಇಲ್ಲ. ಅಲ್ಲಿಗೆ ಎಡ ಹಿಂಗಾಲಿ ಎಂದಾಯಿತು. ಆದರೆ ಅಲ್ಲಿ ಎಲ್ಲಿ? ಗಾಡಿ ಓಡುವಾಗ ಕೆಳಗೆ ಹೋಗಿ ನೋಡುವಂತಿಲ್ಲ. ನಿಂತಾಗ ಎಲ್ಲ ನೆಟ್ಟಗೆ ಕಾಣುತ್ತದೆ.

ಗುಂಡಗುರ್ತಿಯಲ್ಲಿ ಚಂದಮ್ಮನನ್ನು ನೋಡುತ್ತಿದ್ದೆ. ಫೀಟೋಸ್ಕೋಪಿನ ಅಗಲ ಬಾಯಿ ಹೊಟ್ಟೆಯ ಮೇಲೆ, ಇನ್ನೊಂದು ತುದಿ ನನ್ನ ಕಿವಿಗೆ. ಕೂಸು ತಿರುಗಿಲ್ಲ. ಅದೇ ಜಾಗ, ಹೊಕ್ಕುಳದ ಮೇಲೆ, ಟಕಟಕಟಕ. ಒಂದು ಬೆರಳು ಆಚೆ ಸರಿಸಿದರೆ ಕ್ಷೀಣ. ಈಚೆ ಸರಿಸಿದರೆ ಜೋರು. ಹಾಗೇ ಕೂತೆ.

“ಏನಾಯ್ತ್ರಿ ಅಮ್ಮಾ?” ಚಂದಮ್ಮ ಹೆದರಿದಳು.

“ಏನಿಲ್ಲವ್ವ. ನಿನ್ನ ಕೂಸು ಭಾಳ ಗಟ್ಟಿ ಅದ. ಏಳು, ಹೊರಗ ಹೋಗೋಣ.”

ಸಾಲಿನಲ್ಲಿದ್ದ ಹೆಂಗಸರಿಗೆ ಹೇಳಿದೆ: ಬಸುರಿಯರು ಬಿಟ್ಟು ಮಿಕ್ಕವರೆಲ್ಲ ಜೀಪು ಹತ್ತಿರಿ, ಎಡಗಡೆ ಕೂರ್ರಿ, ಕುಂತಲ್ಲೇ ಜಿಗೀರಿ. ಯಾಕೆ ಎಂದು ಒಬ್ಬಳೂ ಕೇಳಲಿಲ್ಲ! ಕೂಸುಗಳನ್ನು ಬಸುರಿಯರ ಮಡಿಲಿಗೆ ಹಾಕಿ ಏಳು ಜನ ಹತ್ತಿದರು, ಜಾನಬಿ ಎಂಟನೆಯವಳು. ಹಲ್ಲುನೋವಿನ ಅಜ್ಜನೂ ಹತ್ತಲು ಹೊರಟ, ಇಳಿಸಿದರು.

ಚಾಚಾ ಮುಂದಿನ ಗಾಲಿಗೂ ಹಿಂದಿನ ಬಲಗಾಲಿಗೂ ಕಲ್ಲು ಕೊಟ್ಟರು. ನಾನು ಗೋಣಿತಟ್ಟು ಹಾಸಿಕೊಂಡು, ಸೆರಗು ಬಿಗಿದು, ಕೆಳಗೆ ಜಾರಿದೆ. ಚಾಚಾ ಹಾಯ್ ಹಾಯ್ ಎಂದರು: “ಬಿಳೀ ಸೀರಿ ರೀ ಬೇಟಿ!”

“ಜಿಗೀರಿ!” ಎಂದೆ.

ಮೇಲೆ ಜಾತ್ರೆಯೇ ಜಾತ್ರೆ. ಬಳೆ, ನಗು, ಯಾರೋ ಒಬ್ಬಳು ಕುಟ್ಟುವ ಹಾಡು ಶುರುಮಾಡಿದಳು, ಅದರ ಲಯಕ್ಕೆ ಎಲ್ಲರೂ ಕುಣಿಯತೊಡಗಿದರು. ಕೆಳಗೆ ನಾನು. ಪಾಟಾದ ಹಿಂದಿನ ತುದಿಗೆ ಫೀಟೋಸ್ಕೋಪ್ ಇಟ್ಟು ಕೇಳಿದೆ. ಬರೀ ಕಿರುಗುಟ್ಟುವಿಕೆ. ಮುಂದಿನ ತುದಿ, ಅದೇ. ಶಾಕಿನ ಬುಡ, ಏನೂ ಇಲ್ಲ. ಒಂದೊಂದೇ ಬೆರಳು ಸರಿಸುತ್ತ ನಡುವಿಗೆ ಬಂದೆ. ಅಲ್ಲಿ ಪಾಟಾಗಳನ್ನೆಲ್ಲ ಸೇರಿಸಿ ಯು-ಬೋಲ್ಟುಗಳಿಂದ ಬಿಗಿದಿದ್ದಾರೆ, ಒಳಗೇನಿದೆ ಕಾಣುವುದಿಲ್ಲ. ಕಾಣದಿದ್ದರೇನು —

ಟಕ್!

ಕಿವಿಯೊಳಗೇ ಸುತ್ತಿಗೆ ಬಿದ್ದಂತೆ. ಇನ್ನೊಮ್ಮೆ ಜಿಗಿದರು, ಇನ್ನೊಮ್ಮೆ ಟಕ್. ಹೊರಗೆ ಬಂದು ಚಾಚಾರ ಕೈಗೆ ಕೊಟ್ಟೆ. ಅವರು ಕೆಳಗೆ ಹೋದರು. ಹೆಂಗಸರು ಜಿಗಿದರು. ಚಾಚಾ ಬಹಳ ಹೊತ್ತು ಹೊರಗೆ ಬರಲಿಲ್ಲ.

ಬಂದಾಗ ನಗುತ್ತಿರಲಿಲ್ಲ.

“ಒಳಗ ಪಾಟಾ ಮುರದದ. ಬಿಗಿದ ಜಾಗಾದಾಗೇ ಮುರದದ, ಅದಕ್ಕ ಕಾಣಂಗಿಲ್ಲ. ಮ್ಯಾಲಿನ ಪಾಟಾನೂ ಹೋಗಿದ್ರ ಗಾಲಿ ವಾರಿ ಆಗಿ, ಗಾಡಿ ಪಲ್ಟಿ...” ಹಿಂದಿನ ಸೀಟಿನ ಮೇಲೆ ಕೈಯಿಟ್ಟರು. ಆಮೇಲೆ, ತಗ್ಗಿದ ದನಿಯಲ್ಲಿ: “ಈ ಹಿಂದಿನ ಸೀಟಿನ ಮ್ಯಾಲೇ ಎಷ್ಟು ಬಸುರಿಯರ್ನ ಒಯ್ದೀನಿ ಬೇಟಿ ನಾ, ಈ ಎರಡು ತಿಂಗಳದಾಗ.”

ಜಾನಬಿಯೇ ಹೇಳಿದಳು: “ಯಾರಿಗೇನೂ ಆಗಿಲ್ಲಲ್ಲ. ಸಿಕ್ಕದಲ್ಲ. ಖುಷಿ ಪಡೋದು ಬಿಟ್ಟು!”

ಚಾಚಾ ನಮ್ಮನ್ನು ಬಸ್ಸಿಗೆ ಹತ್ತಿಸಿದರು. ತಾವೊಬ್ಬರೇ ಖಾಲಿ ಜೀಪನ್ನು ಎತ್ತಿನ ಗಾಡಿಯ ನಡಿಗೆಯಲ್ಲಿ ತಂದರು. ನಾವು ಬಂದು ಎರಡು ತಾಸಾದ ಮೇಲೆ ಅವರು ಬಂದರು.

ಸೀರೆಯ ಗ್ರೀಸು ಸೀಮೆಎಣ್ಣೆಗೂ ಹೋಗಿಲ್ಲ. ಹೋಗದಿದ್ದರೂ ಬೇಸರವಿಲ್ಲ.

ನವೆಂಬರ್ 15. ಗುರುವಾರ

ಬಂದೇಅಲಿ ತಾನೇ ಚಿತ್ತಾಪುರಕ್ಕೆ ಬಂದ. ಜ್ಯಾಕ್ ಕೊಟ್ಟು, ಯು-ಬೋಲ್ಟ್ ಬಿಚ್ಚಿ, ಪಾಟಾ ಕೆಳಗಿಳಿಸಿದ. ಮೇಲಿನಿಂದ ಎರಡನೆಯದು ನಡುವಿಗೆ ಸರಿಯಾಗಿ ಎರಡು ತುಂಡು. ಮುರಿದ ಬಾಯಿ ಅರ್ಧ ತುಕ್ಕು, ಅರ್ಧ ಹೊಳಪು. ತುಕ್ಕು ಹಿಡಿದದ್ದು ಹಳೆಯ ಬಿರುಕು, ಹೊಳೆಯುವುದು ಹೊಸ ಮುರಿತ ಎಂದು ತೋರಿಸಿದ. ಖಾಲಿಯಿದ್ದಾಗ ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಸುಮ್ಮನಿರುತ್ತವೆ. ಭಾರ ಬಿದ್ದಾಗ ಬಾಯಿ ತೆರೆದು ಮುಚ್ಚುತ್ತವೆ.

ಫೀಟೋಸ್ಕೋಪನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

“ಈ ತುತ್ತೂರಿ ಎಲ್ಲಿ ಸಿಗ್ತದ್ರಿ ಬಾಯೀ?”

ಆಮೇಲೆ ಚಾಚಾರ ಕಡೆ ತಿರುಗಿ, “ನಿಮ್ಮ ಕಿವೀನೇ ಖರೇ ಇತ್ತು ಅಮೀರ್‌ಭಾಯಿ. ಮಾಫ್ ಮಾಡ್ರಿ” ಎಂದ. ಚಾಚಾ ಅವನಿಗೆ ಎಲೆಅಡಿಕೆ ಚೀಲ ಚಾಚಿದರು. ಅಷ್ಟೇ.

ಹೊಸ ಪಾಟಾ ಹೈದರಾಬಾದಿನಿಂದ ಬರಬೇಕು. ತಪಾಸಣೆ 29ಕ್ಕೆ.

ನವೆಂಬರ್ 20. ಮಂಗಳವಾರ

ಬಸ್ಸಿನಲ್ಲಿ ಗುಂಡಗುರ್ತಿಗೆ. ಔಷಧಿ ಪೆಟ್ಟಿಗೆ ಜಾನಬಿಯ ತಲೆಯ ಮೇಲೆ. ಸಾಯಬಣ್ಣ ಜೀಪು ಕಾಣದೆ ಬಸ್‌ಸ್ಟ್ಯಾಂಡಿನಿಂದ ಕ್ಲಿನಿಕ್ ತನಕ ನನ್ನ ಹಿಂದೆಯೇ ನಡೆದ. ಬರುತ್ತದೆ ಎಂದೆ. ಪಾಟಾ ಇನ್ನೂ ಬಂದಿಲ್ಲ.

ನವೆಂಬರ್ 25. ಭಾನುವಾರ

ಬಂತು! ವಾಡಿ ಜಂಕ್ಷನ್ನಿಗೆ, ಪಾರ್ಸೆಲ್ ಆಫೀಸಿಗೆ, ತಂತಿಯಿಂದ ಸುತ್ತಿ ಲೇಬಲ್ ಅಂಟಿಸಿದ್ದು. ನಿನ್ನೆ ಚಾಚಾರ ಜೊತೆ ಹೋಗಿ ತಂದೆ. ಅಲ್ಲಿನ ಸಿಮೆಂಟ್ ಕಾರ್ಖಾನೆಯ ಧೂಳು ಕುಡಿದು ಕುಡಿದು ಬರುವಾಗ ಇಬ್ಬರ ಹುಬ್ಬೂ ಬಿಳಿ. ಪಾಟಾವನ್ನು ರೈಲಿನಲ್ಲಿ ಚಾಚಾ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಪಕ್ಕದಲ್ಲಿದ್ದ ಮುದುಕಿ ಏನದು ಎಂದಳು. “ಮಗನ ಬೆನ್ನೆಲುಬು” ಎಂದರು.

ಇವತ್ತು ಕೂಡಿಸಿದರು. ಮಧ್ಯದ ಬೋಲ್ಟು ಹೊಸದು, ಯು-ಬೋಲ್ಟ್ ಹೊಸವು. ಬಂದೇಅಲಿ ನಟ್ಟುಗಳನ್ನು ಒಮ್ಮೆ ಬಿಗಿದು, ಗಾಡಿ ಇಳಿಸಿ, ಭಾರ ಬಿದ್ದ ಮೇಲೆ ಮತ್ತೊಮ್ಮೆ ಬಿಗಿದ. ಆಮೇಲೆ ಜಾನಬಿಯನ್ನು ಎಡಗಡೆ ಕೂರಿಸಿ ಸುತ್ತು ಹೊಡೆದರು. ನಾನು ಗೇಟಿನಲ್ಲಿ ನಿಂತಿದ್ದೆ. ತಿರುಗಿ ಬರುವಾಗ ದೂರದಿಂದಲೇ ಅವಳ ಕೂಗು:

“ಇಲ್ಲರೀ ಅಮ್ಮಾರ! ಏನ್ಯಾನೂ ಇಲ್ಲ!”

ನವೆಂಬರ್ 29. ಗುರುವಾರ

ಜಿಲ್ಲೆಯಿಂದ ಸಾಹೇಬರು ಬಂದರು. ಕಡತ ಹಿಡಿದು ಹಿಂದಿನ ಸೀಟಿನಲ್ಲಿ, ಎಡಗಡೆಯೇ, ಕೂತರು. “ಸೇಡಂ ರಸ್ತೆಗೆ ನಡೀರಿ, ಸದ್ದು ಕೇಳ್ಬೇಕು.” ಚಾಚಾ ಬಿಸ್ಮಿಲ್ಲಾ ಎಂದು ಗೇರ್ ಹಾಕಿದರು. ಡಾಕ್ಟರ್ ಸಾಹೇಬರು ಮುಂದೆ, ನಾನು ಎದುರಿಗೆ.

ಮೂರನೇ ಮೈಲಿಗೆ ಸಾಹೇಬರು ನಿದ್ದೆಹೋದರು. ತಲೆ ನನ್ನ ಔಷಧಿ ಪೆಟ್ಟಿಗೆಯ ಮೇಲೆ. ಡಾಕ್ಟರ್ ಸಾಹೇಬರು ತಿರುಗಿ ನೋಡಿ, ನಗು ತಡೆಯಲಾಗದೆ ಕಿಟಕಿಯ ಹೊರಗೆ ಮುಖ ಹಾಕಿದರು. ಚಾಚಾ ಗುಂಡಿ ತಪ್ಪಿಸಲಿಲ್ಲ. ಹುಡುಕಿ ಹುಡುಕಿ ಇಳಿಸಿದರು. ಸಾಹೇಬರು ಎದ್ದದ್ದು ವಾಪಸು ಗೇಟಿಗೆ ಬಂದ ಮೇಲೆ. ಕಣ್ಣೊರೆಸಿಕೊಂಡು ಬರೆದರು: ‘ಸದ್ದು ಕಂಡುಬಂದಿಲ್ಲ. ಸುಸ್ಥಿತಿ.’

ಡಿಸೆಂಬರ್ 7. ಶುಕ್ರವಾರ. ಗುಲಬರ್ಗಾ, ಆಸ್ಪತ್ರೆ ಜಗಲಿ

ನಿನ್ನೆ ಮಧ್ಯಾಹ್ನ ಸಾಯಬಣ್ಣನ ತಮ್ಮ ಸೈಕಲ್ ಮೇಲೆ ಬಂದ. ಮಾತಾಡುವಷ್ಟು ಉಸಿರಿರಲಿಲ್ಲ, ಕೈಯಿಂದ ಊರ ಕಡೆ ತೋರಿಸಿದ. ಹತ್ತು ನಿಮಿಷಕ್ಕೆ ಹೊರಟೆವು.

ಚಂದಮ್ಮನನ್ನು ಹಿಂದೆ ಎಡಗಡೆ ಕೌದಿಯ ಮೇಲೆ ಮಲಗಿಸಿದೆವು. ತಲೆ ಜಾನಬಿಯ ತೊಡೆಯ ಮೇಲೆ. ಸಾಯಬಣ್ಣ ಕಾಲ ಹತ್ತಿರ. ಎರಡು ಕಡೆ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿಸಿ, ಎದೆಬಡಿತ ಕೇಳಿದೆ. ನೂರ ನಲವತ್ತು. ಕಾಗಿಣಾ ದಾಟಿದ ಮೇಲೆ ನೂರ ಮೂವತ್ತೆಂಟು. ಚಾಚಾ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ. ಚಂದಮ್ಮ ಹಲ್ಲು ಕಚ್ಚಿಕೊಂಡು ಒಂದೇ ಕೇಳುತ್ತಿದ್ದಳು: “ಬಡಿತ ಅದ ಏನ್ರಿ? ಇನ್ನಾ ಅದ ಏನ್ರಿ?” ಅದ, ಕುಣೀಲಿಕತ್ತದ ಎನ್ನುತ್ತಿದ್ದೆ.

ಆರೂವರೆಗೆ ಆಸ್ಪತ್ರೆ. ಏಳೂ ಹತ್ತಕ್ಕೆ, ಕುಂಡೆ ಮೊದಲು, ಹೆಣ್ಣು. ದೊಡ್ಡ ಡಾಕ್ಟರಮ್ಮ, “ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು” ಎಂದರು. ಕೂಸು ಕೆಂಪಗೆ, ಸಿಟ್ಟಿನಿಂದ ಅಳುತ್ತ.

ಸಾಯಬಣ್ಣ ಹೊರಗೆ ಬಂದು ಚಾಚಾರ ಎರಡೂ ಕೈ ಹಿಡಿದುಕೊಂಡ. ಇಬ್ಬರೂ ಗಂಡಸರು ಜಗಲಿಯ ಮೇಲೆ ನಿಂತು ಅತ್ತರು, ಇಬ್ಬರೂ ನಕ್ಕರು. ಹೆಸರು ಏನಿಡಬೇಕೆಂಬ ಚರ್ಚೆ ಬೆಳಗಿನಿಂದ ನಡೆದಿದೆ. ಜಾನಬಿ ‘ಜೀಪವ್ವ’ ಎನ್ನುತ್ತಿದ್ದಾಳೆ. ಚಂದಮ್ಮ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು.

ಡಿಸೆಂಬರ್ 11. ಮಂಗಳವಾರ

ಗುಂಡಗುರ್ತಿಯಿಂದ ಬರುವಾಗ ಚಾಚಾ ಇದ್ದಕ್ಕಿದ್ದಂತೆ:

“ಬೇಟಿ, ಅವತ್ತು ನಾ ರಜಾದಾಗ ಇದ್ದಿದ್ರ ಯಾರು ನಡಸ್ತಿದ್ರು?”

“ಯಾರೂ ಇಲ್ಲ.”

“ಹಂಗಾದ್ರ ನೀವು ಕಲೀರಿ.”

ನಕ್ಕೆ. ಅವರು ನಗಲಿಲ್ಲ. ಸೀರೆಯುಟ್ಟ ನರಸಬಾಯಿ ಜೀಪು ಓಡಿಸಿದರೆ ಚಿತ್ತಾಪುರ ಏನೆಂದೀತು ಎಂದೆ. “ದಾರಿ ಬಿಡ್ತದ, ಮತ್ತೇನಂತದ” ಎಂದರು. ಡಾಕ್ಟರ್ ಸಾಹೇಬರು ಲೈಸೆನ್ಸಿಗೆ ಅರ್ಜಿ ಬರೆದುಕೊಟ್ಟಿದ್ದಾರೆ.

ಡಿಸೆಂಬರ್ 16. ಭಾನುವಾರ

ಸ್ಟೇಷನ್ ಆಚೆಯ ಬಯಲಲ್ಲಿ ಮೊದಲ ಪಾಠ. ಕ್ಲಚ್ ಬಿಟ್ಟ ಕೂಡಲೇ ಗಾಡಿ ಕಪ್ಪೆಯಂತೆ ಹಾರಿ ನಿಂತಿತು. ಆರು ಸಲ. ಏಳನೆಯದಕ್ಕೆ ಹೋಯಿತು... ನಾನು ಹೋದೆ! ಎರಡು ಸುತ್ತು. ಮೇಯುತ್ತಿದ್ದ ಎಮ್ಮೆ ತಲೆಯೆತ್ತಿ ನೋಡಿತು. ಅಂಗೈ ಇನ್ನೂ ಬಿಸಿಯಿದೆ.

ಡಿಸೆಂಬರ್ 23. ಭಾನುವಾರ. ಬೆಳಿಗ್ಗೆ ಎಂಟು

ಲರ್ನರ್ಸ್ ಲೈಸೆನ್ಸ್ ನಿನ್ನೆ ಕೈಗೆ ಬಂತು. ‘ಮಹಾದೇವಮ್ಮ, ವಯಸ್ಸು 33.’ ಇವತ್ತು ಬಯಲಲ್ಲ, ರಸ್ತೆ. ರೈಲ್ವೆ ಗೇಟಿನ ತನಕ. ಸೀರೆಯನ್ನು ಮೊಣಕಾಲಿನ ಹತ್ತಿರ ಪಿನ್ನು ಹಾಕಿ ಬಿಗಿದಿದ್ದೇನೆ. ಎದೆ ಹೊಡೆದುಕೊಳ್ಳುತ್ತಿದೆ, ಎಷ್ಟೆಂದು ಎಣಿಸಲು ಹೋಗುವುದಿಲ್ಲ. ಜಾನಬಿ ತಾನೂ ಬರುತ್ತೇನೆಂದು ಬಂದು ಆಗಲೇ ಹಿಂದೆ ಕೂತಿದ್ದಾಳೆ, ಮೊಮ್ಮಗಳನ್ನೂ ಕರೆದುಕೊಂಡು. ಕಿಟಕಿಯಿಂದ ಕಾಣುತ್ತಿದೆ — ಚಾಚಾ ಹೆಡ್‌ಲೈಟ್ ಒರೆಸಿದರು, ಸುತ್ತಿ ಬಂದರು, ಎಡಗಡೆಯ ಸೀಟಿಗೆ ಹತ್ತಿ ಕೂತರು. ಸ್ಟೇರಿಂಗ್ ಮುಂದೆ ಯಾರೂ ಇಲ್ಲ. ಹಾರ್ನ್ ಹೊಡೆಯುತ್ತಿದ್ದಾರೆ, ಬಂದೆ ಎಂದು ಕೂಗಿ —